ಜೀವಕೋಶದ ಮೇಲಿನ ಸಕ್ಕರೆ: ಕ್ಯಾನ್ಸರಿನ ಗುಟ್ಟು ಹುಡುಕುವ ಒಂದು ದಾರಿ

ಕೆಲವು ತಿಂಗಳುಗಳ ಹಿಂದೆ ರೈತರೊಬ್ಬರು ತಮ್ಮ ಪತ್ನಿಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಆ ತಾಯಿಗೆ ಸ್ತನದ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಮುಗಿದು ಕಿಮೋಥೆರಪಿ ನಡೆದಿತ್ತು. ಚಿಕಿತ್ಸೆಗೆ ರೋಗ ಮಣಿಯುತ್ತಿದ್ದರೂ ಆಕೆ ಮಾತ್ರ ದಿನದಿನಕ್ಕೆ ಸೊರಗುತ್ತಿದ್ದರು. ಕಾರಣ ಕೇಳಿದಾಗ ಆ ಯಜಮಾನರು ಸಂಕೋಚದಿಂದ ಹೇಳಿದರು: “ಸಕ್ಕರಿ ತಿಂದ್ರ ಗಂಟು ಬೆಳಿತೈತಿ ಅಂತ ಮೊಬೈಲ್‌ನ್ಯಾಗ ಬಂದಿತ್ರೀ. ಅದಕ್ಕ ಸಕ್ಕರಿ, ಬೆಲ್ಲ, ಅನ್ನ, ಬಾಳಿಹಣ್ಣು ಎಲ್ಲಾ ಬಿಡಿಸೇವ್ರಿ.” ಬಳಿಕ ಚೀಲದಿಂದ ರಕ್ತಪರೀಕ್ಷೆಯ ವರದಿಯೊಂದನ್ನು ತೆಗೆದು ಮುಂದಿಟ್ಟರು. “ಇದರಾಗ ಬರದದ್ದು ಸಕ್ಕರಿ ಕೂಡಿದ ಪ್ರೋಟೀನ್ ಅಂತ ಯಾರೋ ಹೇಳಿದ್ರು. ಹಂಗಾದ್ರ ಸಕ್ಕರಿನ ಇದಕ್ಕ ಮೂಲ ಅಲ್ಲೇನ್ರೀ?”

ಆ ಪ್ರಶ್ನೆಯನ್ನು ನಾವು ನಕ್ಕು ತಳ್ಳಿಹಾಕಲಿಲ್ಲ, ತಳ್ಳಿಹಾಕುವಂಥದೂ ಅದಲ್ಲ. ಕ್ಯಾನ್ಸರಿಗೂ ಒಂದು ಬಗೆಯ ಸಕ್ಕರೆಗೂ ನಿಜವಾಗಿ ನಂಟಿದೆ. ಆದರೆ ಆ ಸಕ್ಕರೆ ಚಹದ ಬಟ್ಟಲಿನದಲ್ಲ, ಜೀವಕೋಶವು ತನ್ನ ಮೈಮೇಲೆ ತಾನೇ ಹೆಣೆದುಕೊಳ್ಳುವ ಸಕ್ಕರೆ. ಇವೆರಡರ ನಡುವಿನ ವ್ಯತ್ಯಾಸವನ್ನು ತಿಳಿಯದೆ ಒಬ್ಬ ರೋಗಿ ಉಪವಾಸ ಬೀಳುವುದಾದರೆ, ಆ ವ್ಯತ್ಯಾಸವನ್ನು ತಿಳಿಹೇಳುವುದು ನಮ್ಮ ಕರ್ತವ್ಯ. ವಿಜ್ಞಾನಿಗಳು ಈ ಸಕ್ಕರೆಯ ಗುಟ್ಟನ್ನು ಬಿಡಿಸಲು ಅನುಸರಿಸಿದ ದಾರಿಯನ್ನು ಈ ಸಂಚಿಕೆಯಲ್ಲಿ ನಮ್ಮ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಕೋಶದ ಮೈಮೇಲಿನ ಸಕ್ಕರೆ

ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಹೊರಮೈಯ ಮೇಲೂ ದಟ್ಟವಾದ ಶರ್ಕರ ಸರಪಳಿಗಳ ಹೊದಿಕೆಯಿದೆ. ಗ್ಯಾಲಕ್ಟೋಸ್, ಮ್ಯಾನೋಸ್, ಫ್ಯೂಕೋಸ್, ಸಿಯಾಲಿಕ್ ಆಮ್ಲ ಮೊದಲಾದ ಕೆಲವೇ ಬಗೆಯ ಸಕ್ಕರೆಯ ಘಟಕಗಳನ್ನು ಕೋಶವು ಒಂದರ ತುದಿಗೆ ಇನ್ನೊಂದರಂತೆ ಪೋಣಿಸಿ, ಪ್ರೋಟೀನುಗಳಿಗೂ ಕೊಬ್ಬಿನ ಅಣುಗಳಿಗೂ ಜೋಡಿಸುತ್ತದೆ. ಈ ಜೋಡಣೆಯ ಕ್ರಿಯೆಗೆ ಗ್ಲೈಕೋಸಿಲೇಷನ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ಶರ್ಕರ ಜೋಡಣೆ ಎಂದು ಕರೆಯಬಹುದು. ಒಂದು ಕೋಶ ಇನ್ನೊಂದನ್ನು ಗುರುತಿಸುವುದು, ಪಕ್ಕದ ಕೋಶಕ್ಕೆ ಅಂಟಿಕೊಂಡಿರುವುದು, ರಕ್ಷಣಾ ವ್ಯವಸ್ಥೆಗೆ ತಾನು ನಿಮ್ಮವನೇ ಎಂದು ತಿಳಿಸುವುದು, ಇವೆಲ್ಲದರಲ್ಲಿಯೂ ಈ ಸರಪಳಿಗಳ ಪಾತ್ರವಿದೆ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ನಿದರ್ಶನವೆಂದರೆ ರಕ್ತದ ಗುಂಪು. ಎ ಗುಂಪಿನವರ ಕೆಂಪು ರಕ್ತಕಣಗಳ ಮೇಲಿನ ಸರಪಳಿಯ ತುದಿಯಲ್ಲಿ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್ ಎಂಬ ಸಕ್ಕರೆ ಇರುತ್ತದೆ. ಬಿ ಗುಂಪಿನವರಲ್ಲಿ ಅದೇ ಸ್ಥಾನದಲ್ಲಿ ಗ್ಯಾಲಕ್ಟೋಸ್ ಇರುತ್ತದೆ. ಓ ಗುಂಪಿನವರಲ್ಲಿ ಎರಡೂ ಇರುವುದಿಲ್ಲ. ಒಂದೇ ಒಂದು ಸಕ್ಕರೆಯ ಘಟಕದ ಹೆಚ್ಚುಕಡಿಮೆಯಿಂದ ಒಬ್ಬರ ರಕ್ತ ಇನ್ನೊಬ್ಬರಿಗೆ ಅಮೃತವೂ ಆಗಬಹುದು, ವಿಷವೂ ಆಗಬಹುದು.

ಓ ಗುಂಪಿನವರಲ್ಲಿ ತುದಿಯ ಸಕ್ಕರೆ ಏಕಿಲ್ಲ? ಅದನ್ನು ಜೋಡಿಸುವ ಕಿಣ್ವವನ್ನು ತಯಾರಿಸಬೇಕಾದ ವಂಶವಾಹಿ ಅವರಲ್ಲಿ ಕೆಟ್ಟಿದೆ. ಸಾಮಾನ್ಯವಾಗಿ ಕಾಣುವ ಓ ಬಗೆಯಲ್ಲಿ ಆ ವಂಶವಾಹಿಯ ಒಂದೇ ಒಂದು ಅಕ್ಷರ ಬಿಟ್ಟುಹೋಗಿದ್ದು, ಅಷ್ಟರಿಂದಲೇ ಕಿಣ್ವ ನಿಷ್ಪ್ರಯೋಜಕವಾಗಿದೆ. 1952ರಲ್ಲಿ ಮುಂಬಯಿಯಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಗುರುತಿಸಿದ, ಇಂದು ಬಾಂಬೆ ರಕ್ತಗುಂಪು ಎಂದು ಹೆಸರಾದ ಅಪರೂಪದ ಗುಂಪಿನವರಲ್ಲಿ ಇನ್ನೂ ಒಂದು ಹೆಜ್ಜೆ ಹಿಂದಿನ ಸಕ್ಕರೆಯೇ ಇರುವುದಿಲ್ಲ. ಹೀಗೆ ಒಂದು ವಂಶವಾಹಿ ಸುಮ್ಮನಾದರೆ ಯಾವ ಸಕ್ಕರೆ ಕಾಣೆಯಾಗುತ್ತದೆ ಎಂಬ ಪ್ರಯೋಗವನ್ನು ನಿಸರ್ಗವು ನಮ್ಮ ರಕ್ತದಲ್ಲಿಯೇ ಮಾಡಿ ತೋರಿಸಿದೆ. ಇಂದಿನ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಮಾಡುತ್ತಿರುವುದೂ ಇದನ್ನೇ.

ಹುರುಳಿ, ಶೇಂಗಾ ಮತ್ತು ಹಲಸಿನ ಬೀಜ

ಕಣ್ಣಿಗೆ ಕಾಣದ ಈ ಸಕ್ಕರೆಗಳನ್ನು ಗುರುತಿಸುವುದು ಹೇಗೆ? ಆಶ್ಚರ್ಯದ ಸಂಗತಿಯೆಂದರೆ, ಅದಕ್ಕೆ ಬೇಕಾದ ಸಾಧನ ನಮ್ಮ ಅಡುಗೆಮನೆಯ ಡಬ್ಬಿಗಳಲ್ಲಿಯೇ ಇತ್ತು. ಅನೇಕ ಕಾಳುಗಳಲ್ಲಿ ಲೆಕ್ಟಿನ್ ಎಂಬ ಪ್ರೋಟೀನುಗಳಿವೆ. ಒಂದೊಂದು ಲೆಕ್ಟಿನ್ ಒಂದೊಂದು ಬಗೆಯ ಸಕ್ಕರೆಯನ್ನು ಮಾತ್ರ ಹಿಡಿದುಕೊಳ್ಳುತ್ತದೆ, ಬೀಗಕ್ಕೆ ತಕ್ಕ ಕೀಲಿಕೈಯಂತೆ. 1951ರಲ್ಲಿ ಜಿ. ಡಬ್ಲ್ಯೂ. ಜಿ. ಬರ್ಡ್ ಎಂಬ ವಿಜ್ಞಾನಿ, ಹುರುಳಿಕಾಳಿನ ಸಾರವು ಎ ಗುಂಪಿನ ರಕ್ತವನ್ನು ಪ್ರತ್ಯೇಕವಾಗಿ ಗುರುತಿಸಿ ಗರಣೆಗಟ್ಟಿಸುತ್ತದೆಂಬುದನ್ನು ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎ ಗುಂಪಿನ ಒಳಭೇದಗಳನ್ನು ಗುರುತಿಸಲು ಹುರುಳಿಯ ಲೆಕ್ಟಿನ್ ಇಂದಿಗೂ ರಕ್ತನಿಧಿಗಳಲ್ಲಿ ಬಳಕೆಯಲ್ಲಿದೆ.

ಶೇಂಗಾ ಮತ್ತು ಹಲಸಿನ ಬೀಜಗಳ ಲೆಕ್ಟಿನ್‌ಗಳು ಕ್ಯಾನ್ಸರ್ ಕೋಶಗಳ ಮೇಲೆ ಹೆಚ್ಚಾಗಿ ಕಾಣುವ ಮೊಟಕಾದ ಸಕ್ಕರೆಯ ಸರಪಳಿಯನ್ನು ಹಿಡಿಯಬಲ್ಲವು. ಹಲಸಿನ ಲೆಕ್ಟಿನ್ ಆದ ಜಕಾಲಿನ್ ಸಕ್ಕರೆಯನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂಬುದರ ಅಣುರಚನೆಯನ್ನು 1996ರಲ್ಲಿ ಜಗತ್ತಿಗೆ ತೋರಿಸಿಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಮತ್ತು ಸಂಗಡಿಗರು. ಶೇಂಗಾ ಬೆಳೆಗೆ ಬುಡಕೊಳೆ ರೋಗ ತರುವ ಒಂದು ಶಿಲೀಂಧ್ರದಲ್ಲಿಯೂ ಇಂಥ ಲೆಕ್ಟಿನ್ ಇದೆ. ಅದರ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಸಂಶೋಧನೆ ನಡೆದಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಹುರುಳಿಯ ಕಟ್ಟು ಕುಡಿದರೆ ಅಥವಾ ಹಲಸಿನ ಬೀಜ ತಿಂದರೆ ಕ್ಯಾನ್ಸರ್ ಗುಣವಾಗುತ್ತದೆ ಎಂದು ಇದರ ಅರ್ಥವಲ್ಲ. ಚೆನ್ನಾಗಿ ಬೇಯಿಸಿದಾಗ ಲೆಕ್ಟಿನ್‌ಗಳು ತಮ್ಮ ಗುಣ ಕಳೆದುಕೊಳ್ಳುತ್ತವೆ. ಅರೆಬೆಂದ ರಾಜ್ಮಾ ತಿಂದವರಿಗೆ ವಾಂತಿಭೇದಿಯಾಗುವುದು ಅದರ ಲೆಕ್ಟಿನ್ ಹಾಗೆಯೇ ಉಳಿದಿರುವುದರಿಂದ. ಕಾಳುಗಳು ಒಳ್ಳೆಯ ಆಹಾರವೆಂಬುದು ನಿಜ. ಅವು ಕ್ಯಾನ್ಸರಿನ ಔಷಧಿಯಲ್ಲ.

ಕೆಟ್ಟ ಸರಪಳಿ: ಕಾರಣವೋ, ಪರಿಣಾಮವೋ?

ಸ್ತನ, ಕರುಳು, ಮೇದೋಜೀರಕ ಗ್ರಂಥಿ ಮೊದಲಾದ ಅಂಗಗಳ ಕ್ಯಾನ್ಸರ್ ಕೋಶಗಳಲ್ಲಿ ಶರ್ಕರ ಸರಪಳಿ ಪೂರ್ತಿಯಾಗಿ ಬೆಳೆಯದೆ ಮೊಟಕಾಗಿ ನಿಲ್ಲುವುದನ್ನು ವಿಜ್ಞಾನಿಗಳು ದಶಕಗಳ ಹಿಂದೆಯೇ ಕಂಡಿದ್ದರು. ಈ ಮೊಟಕು ರೂಪಗಳಲ್ಲಿ ತೀರ ಚಿಕ್ಕದಕ್ಕೆ ಟಿಎನ್ ಎಂದು ಹೆಸರು. ಪ್ರೋಟೀನಿಗೆ ಒಂದೇ ಒಂದು ಸಕ್ಕರೆ ಅಂಟಿ, ಮುಂದಿನ ಸಕ್ಕರೆ ಸೇರದೆ ನಿಂತ ಸ್ಥಿತಿ ಅದು. ಆರೋಗ್ಯವಂತ ಕೋಶಗಳಲ್ಲಿ ಈ ಮೊದಲ ಸಕ್ಕರೆ ಸರಪಳಿಯ ಅಡಿಯಲ್ಲಿ ಮರೆಯಾಗಿರುತ್ತದೆ. ಟಿಎನ್ ಮತ್ತು ಅದರ ಮುಂದಿನ ಹಂತದ ಟಿ ಎಂಬ ರೂಪಗಳು ಅನೇಕ ಬಗೆಯ ಕ್ಯಾನ್ಸರ್‌ಗಳ ಸಾಮಾನ್ಯ ಗುರುತೆಂದು ಜಾರ್ಜ್ ಸ್ಪ್ರಿಂಗರ್ ಎಂಬ ವಿಜ್ಞಾನಿ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರತಿಪಾದಿಸಿದರು.

ಆದರೆ ಇದರಿಂದ ಮುಖ್ಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಸರಪಳಿ ಕೆಟ್ಟದ್ದರಿಂದ ಕೋಶ ದುಷ್ಟವಾಯಿತೇ, ಅಥವಾ ಕೋಶ ದುಷ್ಟವಾದ ಮೇಲೆ ಸರಪಳಿ ಕೆಟ್ಟಿತೇ? ಮನೆ ಪಾಳುಬಿದ್ದಾಗ ಗೋಡೆಯ ಮೇಲೆ ಹುಲ್ಲು ಬೆಳೆದಿರುತ್ತದೆ. ಹುಲ್ಲಿನಿಂದಲೇ ಮನೆ ಪಾಳುಬಿತ್ತೆಂದು ಹೇಳಲಾಗದು. ಸರಪಳಿ ಬರೀ ಗುರುತಾಗಿದ್ದರೆ ಅದರಿಂದ ರೋಗವನ್ನು ಪತ್ತೆಹಚ್ಚಬಹುದು. ಅದೇ ಕಾರಣವಾಗಿದ್ದರೆ ಚಿಕಿತ್ಸೆಯ ಗುರಿಯನ್ನೇ ಅಲ್ಲಿಗೆ ತಿರುಗಿಸಬಹುದು.

ಈ ಅಜ್ಞಾನಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ಟಿಎನ್‌ಗೆ ಸಿಯಾಲಿಕ್ ಆಮ್ಲ ಸೇರಿದ ರೂಪವನ್ನು ಗುರಿಯಾಗಿಸಿ ಥೆರಾಟೋಪ್ ಎಂಬ ಲಸಿಕೆಯನ್ನು ಸಿದ್ಧಪಡಿಸಲಾಗಿತ್ತು. ದೇಹದಲ್ಲಿ ಹರಡಿದ್ದ ಸ್ತನ ಕ್ಯಾನ್ಸರಿನ 1,028 ಮಹಿಳೆಯರು ಅದರ ಮೂರನೆಯ ಹಂತದ ಪರೀಕ್ಷೆಯಲ್ಲಿ ಭಾಗವಹಿಸಿದ್ದರು. ಲಸಿಕೆ ಪಡೆದವರಲ್ಲಿ ಆ ಸಕ್ಕರೆಯ ವಿರುದ್ಧ ಪ್ರತಿಕಾಯಗಳು ಹುಟ್ಟಿದವು. ಆದರೆ ರೋಗ ಮುಂದುವರಿಯುವುದು ತಡವಾಗಲಿಲ್ಲ, ಆಯುಷ್ಯವೂ ಹೆಚ್ಚಲಿಲ್ಲ. ಅಷ್ಟು ಮಂದಿ ತಾಯಂದಿರ ಭರವಸೆ ಹೊತ್ತ ಲಸಿಕೆ ಸೋತಿತು. ಯಾವ ಪ್ರೋಟೀನಿನ ಮೇಲೆ, ಯಾವ ಜಾಗದಲ್ಲಿ, ಯಾವ ಸಕ್ಕರೆ ಕುಳಿತಿದೆ ಎಂಬುದನ್ನು ನಿಖರವಾಗಿ ತಿಳಿಯದೆ ಗುರಿಯಿಡುವುದು ಎಷ್ಟು ಕಷ್ಟವೆಂಬುದನ್ನು ಇಂಥ ಸೋಲುಗಳು ಕಲಿಸಿದವು.

ತೂಬು ಮುಚ್ಚಿ ನೋಡುವ ಉಪಾಯ

ಕೆರೆಯಿಂದ ಹತ್ತಾರು ಕಾಲುವೆಗಳು ಹೊರಟಿವೆ ಎಂದುಕೊಳ್ಳೋಣ. ಯಾವ ಕಾಲುವೆ ಯಾವ ಹೊಲಕ್ಕೆ ನೀರುಣಿಸುತ್ತದೆ ಎಂಬುದು ಗೊತ್ತಿಲ್ಲ. ಅನುಭವಿ ರೈತ ಏನು ಮಾಡುತ್ತಾನೆ? ಒಂದು ತೂಬನ್ನು ಮುಚ್ಚಿ, ಯಾವ ಹೊಲ ಒಣಗಿತೆಂದು ನೋಡುತ್ತಾನೆ. ವಂಶವಾಹಿಯನ್ನು ಸುಮ್ಮನಾಗಿಸುವ ನಾಕೌಟ್ ತಂತ್ರದ ಹಿಂದಿರುವುದು ಇದೇ ವಿವೇಕ. ಮನುಷ್ಯನ ಕೋಶದಲ್ಲಿ ಸಕ್ಕರೆಗಳನ್ನು ಜೋಡಿಸುವ ಕಿಣ್ವಗಳೇ ಸುಮಾರು ಇನ್ನೂರು ಇವೆ. ಅಂದರೆ ಇನ್ನೂರು ತೂಬುಗಳು.

ಇಂಥ ಪ್ರಯೋಗಗಳನ್ನು ರೋಗಿಯ ಮೇಲೆ ಮಾಡಲಾಗದು. ಆದಕಾರಣ ಪ್ರಯೋಗಾಲಯದ ಗಾಜಿನ ಅಥವಾ ಪ್ಲಾಸ್ಟಿಕ್ ತಟ್ಟೆಯಲ್ಲಿ ಪೋಷಕ ದ್ರವ ಹಾಕಿ ಬೆಳೆಸುವ ಕೋಶಗಳ ಸಂತತಿಯನ್ನು ಬಳಸುತ್ತಾರೆ. ಸೆಲ್ ಲೈನ್ ಎಂದು ಕರೆಯುವ ಈ ಕೋಶಸಂತತಿ, ಹೆಪ್ಪು ಹಾಕಿ ಹಾಲನ್ನು ಮೊಸರಾಗಿಸಿ ಅದೇ ಮೊಸರಿನಿಂದ ನಾಳೆಯ ಹೆಪ್ಪು ತೆಗೆದಿಡುವ ಹಾಗೆ, ಪೀಳಿಗೆಯಿಂದ ಪೀಳಿಗೆಗೆ ಮುಂದುವರಿಯುತ್ತದೆ. ಇವುಗಳಲ್ಲಿ ಮೊದಲ ಮಾನವ ಸಂತತಿಯಾದ ಹೀಲಾ ಕೋಶಗಳು 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪುಜನಾಂಗದ ತಾಯಿಯ ಗರ್ಭಕೊರಳಿನ ಕ್ಯಾನ್ಸರಿನಿಂದ ಬಂದವು. ಆಕೆಯನ್ನು ಕೇಳದೆಯೇ ಅವುಗಳನ್ನು ತೆಗೆದಿದ್ದರು. ಆಕೆ ಅದೇ ವರ್ಷ ತೀರಿಕೊಂಡರು. ಆಕೆಯ ಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ವೈದ್ಯಶಾಸ್ತ್ರ ಆ ತಾಯಿಗೆ ಋಣಿಯಾಗಿದೆ, ಆ ಋಣದಲ್ಲಿ ಒಂದು ಅಪರಾಧವೂ ಬೆರೆತಿದೆ ಎಂಬುದನ್ನು ಮರೆಯಬಾರದು.

ಮೊದಮೊದಲು ತೂಬು ಮುಚ್ಚುವ ಕೆಲಸ ಅದೃಷ್ಟದ ಮೇಲೆ ನಿಂತಿತ್ತು. 1970ರ ದಶಕದಲ್ಲಿ ಪಮೇಲಾ ಸ್ಟಾನ್ಲಿ ಎಂಬ ವಿಜ್ಞಾನಿ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಅಂಡಾಶಯದ ಕೋಶಗಳಿಗೆ ವಿಷಕಾರಿ ಲೆಕ್ಟಿನ್‌ಗಳನ್ನು ಹಾಕಿ ನೋಡಿದರು. ಲೆಕ್ಟಿನ್ ಹಿಡಿದುಕೊಳ್ಳುವ ಸಕ್ಕರೆ ಇದ್ದ ಕೋಶಗಳು ಸತ್ತವು. ಆಕಸ್ಮಿಕವಾಗಿ ಯಾವುದೋ ವಂಶವಾಹಿ ಕೆಟ್ಟು ಆ ಸಕ್ಕರೆ ಇಲ್ಲದಂತಾದ ಕೆಲವೇ ಕೋಶಗಳು ಬದುಕಿಕೊಂಡವು. ಬದುಕಿದವುಗಳನ್ನು ಬೆಳೆಸಿ, ಯಾವ ಕಿಣ್ವ ಕೆಟ್ಟಿದೆ ಎಂದು ಹುಡುಕಿದಾಗ ಸರಪಳಿ ಕಟ್ಟುವ ಮೆಟ್ಟಿಲುಗಳು ಒಂದೊಂದಾಗಿ ತಿಳಿಯುತ್ತ ಬಂದವು.

ನಂತರ ಬೇಕಾದ ವಂಶವಾಹಿಯನ್ನೇ ಗುರಿಯಿಟ್ಟು ಕತ್ತರಿಸುವ ಆಣ್ವಿಕ ಕತ್ತರಿಗಳು ಬಂದವು. ಮೊದಲು ಝಿಂಕ್ ಫಿಂಗರ್ ನ್ಯೂಕ್ಲಿಯೇಸ್ ಎಂಬುದು, ಬಳಿಕ ಕ್ರಿಸ್ಪರ್ ಎಂಬುದು. ಕ್ರಿಸ್ಪರ್ ಕತ್ತರಿಯನ್ನು 2012ರಲ್ಲಿ ರೂಪಿಸಿದ ಎಮಾನ್ಯುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ಎಂಬ ಮಹಿಳೆಯರಿಗೆ 2020ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಕತ್ತರಿಸಿದ ಜಾಗವನ್ನು ಕೋಶವು ತಾನೇ ಹೊಲಿದುಕೊಳ್ಳುವಾಗ ಒಂದೆರಡು ಅಕ್ಷರಗಳು ತಪ್ಪಿಹೋಗುತ್ತವೆ. ಅಷ್ಟರಿಂದ ಆ ವಂಶವಾಹಿ ನಿಂತುಹೋಗುತ್ತದೆ. ಓ ಗುಂಪಿನವರಲ್ಲಿ ನಿಸರ್ಗ ಮಾಡಿದ್ದೂ ಇದೇ ಅಲ್ಲವೇ?

ಕಾಸ್ಮಿಕ್ ಎಂಬ ಸಣ್ಣ ವಂಶವಾಹಿಯ ಕಥೆ

ಟಿಎನ್‌ನ ಮುಂದಿನ ಸಕ್ಕರೆಯನ್ನು ಜೋಡಿಸುವ ಕಿಣ್ವವು ತಾನಾಗಿ ಸರಿಯಾದ ಆಕಾರಕ್ಕೆ ಬರಲಾರದು. ಅದರ ಕೈಹಿಡಿದು ರೂಪಿಸಲು ಇನ್ನೊಂದು ಪ್ರೋಟೀನ್ ಬೇಕು. ಅದಕ್ಕೆ ಕಾಸ್ಮಿಕ್ ಎಂದು ಹೆಸರು. ಅಮೆರಿಕದಲ್ಲಿ ತೊಂಗ್‌ಝೋಂಗ್ ಜು ಮತ್ತು ರಿಚರ್ಡ್ ಕಮ್ಮಿಂಗ್ಸ್ ಇದನ್ನು 2002ರಲ್ಲಿ ಗುರುತಿಸಿದರು. ಇದರ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಆದ್ದರಿಂದ ಪ್ರತಿ ಕೋಶದಲ್ಲಿ ಇದರ ಒಂದು ಪ್ರತಿ ಮಾತ್ರ ಕೆಲಸ ಮಾಡುತ್ತಿರುತ್ತದೆ; ಅದೊಂದು ಕೆಟ್ಟರೆ ಕೋಶದ ಇಡೀ ಸರಪಳಿಯ ಕೆಲಸ ಮೊದಲ ಮೆಟ್ಟಿಲಲ್ಲಿಯೇ ನಿಲ್ಲುತ್ತದೆ.

ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಹೆನ್ರಿಕ್ ಕ್ಲೌಸೆನ್ ಅವರ ತಂಡವು 2011ರಲ್ಲಿ ಈ ತೂಬನ್ನೇ ಮುಚ್ಚಿ ನೋಡಿತು. ಮಾನವ ಕೋಶಸಂತತಿಗಳಲ್ಲಿ ಕಾಸ್ಮಿಕ್ ವಂಶವಾಹಿಯನ್ನು ಕತ್ತರಿಸಿದಾಗ, ಉದ್ದುದ್ದವಾಗಿ ಕವಲೊಡೆದು ಲೆಕ್ಕಕ್ಕೆ ಸಿಗದಿದ್ದ ಸರಪಳಿಗಳೆಲ್ಲ ಒಂದೆರಡು ಸಕ್ಕರೆಗಳಿಗೆ ಇಳಿದವು. ಸರಳವಾದ ಈ ಕೋಶಗಳಿಗೆ ಅವರು ಸಿಂಪಲ್ ಸೆಲ್ ಎಂದೇ ಹೆಸರಿಟ್ಟರು. ದ್ವಿದಳ ಸಸ್ಯವೊಂದರ ಲೆಕ್ಟಿನ್ ಬಳಸಿ ಆ ಮೊಟಕು ಸಕ್ಕರೆ ಹೊತ್ತ ಪ್ರೋಟೀನಿನ ತುಣುಕುಗಳನ್ನು ಬಲೆಗೆ ಹಿಡಿದು, ಸೂಕ್ಷ್ಮ ತಕ್ಕಡಿಯಂಥ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆದರು. 2013ರ ವೇಳೆಗೆ ಹನ್ನೆರಡು ಮಾನವ ಕೋಶಸಂತತಿಗಳಿಂದ 600ಕ್ಕೂ ಹೆಚ್ಚು ಪ್ರೋಟೀನುಗಳ ಮೇಲೆ ಸುಮಾರು 3,000 ಜಾಗಗಳಲ್ಲಿ ಈ ಬಗೆಯ ಸಕ್ಕರೆ ಕೂರುತ್ತದೆಂಬ ನಕ್ಷೆ ಸಿದ್ಧವಾಯಿತು. ಇಂದು ಮೂತ್ರಪಿಂಡದ ಮೂಲದ ಮಾನವ ಕೋಶಸಂತತಿಯಲ್ಲಿ ಒಂದೊಂದು ತೂಬನ್ನು ಮುಚ್ಚಿ ಅಥವಾ ತೆರೆದು ತಯಾರಿಸಿದ ಕೋಶಗಳ ದೊಡ್ಡ ಸಂಗ್ರಹವೇ ಅವರಲ್ಲಿದೆ.

ಇನ್ನು ಕಾರಣವೋ ಪರಿಣಾಮವೋ ಎಂಬ ಪ್ರಶ್ನೆ. ಚರ್ಮದ ಕೋಶಗಳಲ್ಲಿಯೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕೋಶಗಳಲ್ಲಿಯೂ ಕಾಸ್ಮಿಕ್ ಅನ್ನು ತೆಗೆದುಹಾಕಿದಾಗ ಏನಾಗುತ್ತದೆಂಬುದನ್ನು 2014ರಲ್ಲಿ ಡೆನ್ಮಾರ್ಕ್ ಮತ್ತು ಅಮೆರಿಕದ ಸಂಶೋಧಕರು ವರದಿ ಮಾಡಿದರು. ಬೇರೇನನ್ನೂ ಮುಟ್ಟದೆ ಸರಪಳಿಯನ್ನು ಮೊಟಕುಗೊಳಿಸಿದ ಮಾತ್ರಕ್ಕೆ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಶಿಸ್ತಾಗಿ ನಿಲ್ಲುವುದನ್ನು ಬಿಟ್ಟು, ಹೆಚ್ಚು ಬೆಳೆದು, ಸುತ್ತಲಿನ ಅಂಗಾಂಶದೊಳಗೆ ನುಗ್ಗುವ ಸ್ವಭಾವ ತೋರಿದವು. ಅಂದರೆ, ಇಂಥ ಕೋಶಗಳಲ್ಲಿಯಾದರೂ, ಮೊಟಕಾದ ಸರಪಳಿ ಬರೀ ಗೋಡೆಯ ಮೇಲಿನ ಹುಲ್ಲಲ್ಲ. ಗೋಡೆಯನ್ನು ಸಡಿಲಿಸುವ ಬೇರೂ ಹೌದು.

ಎಲ್ಲ ತೂಬುಗಳ ಫಲವೂ ಒಂದೇ ಅಲ್ಲ. ಎಂಜಿಎಟಿ-5 ಎಂಬ ವಂಶವಾಹಿ ಸರಪಳಿಗೆ ಹೆಚ್ಚಿನ ಕವಲುಗಳನ್ನು ಸೇರಿಸುತ್ತದೆ. ಇದನ್ನು ತೆಗೆದುಹಾಕಿದ ಇಲಿಗಳಲ್ಲಿ ಸ್ತನದ ಗಡ್ಡೆಗಳ ಬೆಳವಣಿಗೆಯೂ ಹರಡುವಿಕೆಯೂ ಕುಗ್ಗಿದವೆಂದು ಕೆನಡಾದ ಸಂಶೋಧಕರು 2000ದಲ್ಲಿ ತೋರಿಸಿದರು. ಒಂದು ಕಡೆ ಸರಪಳಿ ಮೊಟಕಾದರೆ ಕೇಡು, ಇನ್ನೊಂದು ಕಡೆ ಕವಲು ಹೆಚ್ಚಾದರೆ ಕೇಡು. ಆದ್ದರಿಂದಲೇ ಒಂದೊಂದು ತೂಬನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕಾಗಿದೆ.

ರೋಗಿಗೆ ಬಂದ ಲಾಭ

ತಟ್ಟೆಯೊಳಗಿನ ಈ ಕೋಶಗಳಿಂದ ಹಾಸಿಗೆಯಲ್ಲಿ ಮಲಗಿದ ರೋಗಿಗೆ ಏನು ಬಂತು ಎಂದು ಕೇಳುವುದು ನ್ಯಾಯವೇ. ಮೂರು ನಿದರ್ಶನಗಳನ್ನು ಕೊಡುತ್ತೇವೆ.

ಮೊದಲನೆಯದು ಜಪಾನಿನದು. ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ಪ್ರತಿಕಾಯ ಔಷಧಿಗಳನ್ನು ಹ್ಯಾಮ್‌ಸ್ಟರ್ ಕೋಶಗಳಲ್ಲಿ ತಯಾರಿಸುತ್ತಾರೆ. ಆ ಪ್ರತಿಕಾಯದ ಮೇಲಿನ ಫ್ಯೂಕೋಸ್ ಎಂಬ ಒಂದು ಸಕ್ಕರೆಯನ್ನು ತೆಗೆದರೆ, ಅದು ನಮ್ಮ ರಕ್ಷಕ ಕೋಶಗಳನ್ನು ಹಲವು ಪಟ್ಟು ಹೆಚ್ಚು ಬಲವಾಗಿ ಕ್ಯಾನ್ಸರ್ ಕೋಶದ ಮೇಲೆ ಎತ್ತಿಕಟ್ಟುತ್ತದೆಂದು ತಿಳಿದುಬಂತು. 2004ರಲ್ಲಿ ಜಪಾನಿನ ಸಂಶೋಧಕರು ಫ್ಯೂಕೋಸ್ ಜೋಡಿಸುವ ಎಫ್‌ಯುಟಿ-8 ವಂಶವಾಹಿಯನ್ನೇ ತೆಗೆದುಹಾಕಿದ ಹ್ಯಾಮ್‌ಸ್ಟರ್ ಕೋಶಸಂತತಿಯನ್ನು ಸಿದ್ಧಪಡಿಸಿದರು. ಈ ತಂತ್ರದಿಂದ ಬಂದ ಮೊಗಮುಲಿಜುಮಾಬ್ ಎಂಬ ಔಷಧಿಗೆ ಒಂದು ಬಗೆಯ ರಕ್ತ ಕ್ಯಾನ್ಸರಿನ ಚಿಕಿತ್ಸೆಗಾಗಿ ಜಪಾನಿನಲ್ಲಿ 2012ರಲ್ಲಿ ಅನುಮತಿ ದೊರೆಯಿತು.

ಎರಡನೆಯದು ಎಚ್ಚರಿಕೆಯ ಪಾಠ. ಸೆಟುಕ್ಸಿಮಾಬ್ ಎಂಬ ಕ್ಯಾನ್ಸರ್ ಔಷಧಿಯ ಮೊದಲ ಡ್ರಿಪ್‌ನಲ್ಲಿಯೇ ಅಮೆರಿಕದ ಆಗ್ನೇಯ ಭಾಗದ ಕೆಲವು ರೋಗಿಗಳಿಗೆ ತೀವ್ರ ಅಲರ್ಜಿ ಉಂಟಾಗುತ್ತಿತ್ತು. ಆ ಔಷಧಿಯನ್ನು ಇಲಿಯ ಕೋಶಗಳಲ್ಲಿ ತಯಾರಿಸುತ್ತಿದ್ದುದರಿಂದ, ಮನುಷ್ಯನಲ್ಲಿಲ್ಲದ ಆಲ್ಫಾ-ಗ್ಯಾಲ್ ಎಂಬ ಸಕ್ಕರೆ ಅದರ ಮೇಲಿತ್ತು. ಉಣ್ಣೆಯ ಕಡಿತದಿಂದ ಆ ಸಕ್ಕರೆಯ ವಿರುದ್ಧ ಮೊದಲೇ ಕೆರಳಿದ್ದ ದೇಹ ಔಷಧಿಯ ಮೇಲೆಯೇ ತಿರುಗಿಬಿದ್ದಿತ್ತು. ಇದರ ಮೂಲ 2008ರಲ್ಲಿ ಬಯಲಾಯಿತು. ಔಷಧಿಯ ಮೇಲಿನ ಒಂದು ಸಕ್ಕರೆಯೂ ಜೀವನ್ಮರಣದ ಪ್ರಶ್ನೆಯಾಗಬಲ್ಲದು.

ಮೂರನೆಯದು ಇನ್ನೂ ದಾರಿಯಲ್ಲಿದೆ. ಕ್ಯಾನ್ಸರ್ ಕೋಶದ ಒಂದು ನಿರ್ದಿಷ್ಟ ಪ್ರೋಟೀನಿನ ಮೇಲೆ ಟಿಎನ್ ಸಕ್ಕರೆ ಕುಳಿತಾಗ ಮಾತ್ರ ಅದನ್ನು ಗುರುತಿಸಿ ದಾಳಿ ಮಾಡುವಂತೆ ರಕ್ಷಕ ಕೋಶಗಳನ್ನು ಮಾರ್ಪಡಿಸಿ, ಇಲಿಗಳಲ್ಲಿ ಗಡ್ಡೆಗಳನ್ನು ಹತೋಟಿಗೆ ತಂದುದನ್ನು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ 2016ರಲ್ಲಿ ಪ್ರಕಟಿಸಿತು. ಮನುಷ್ಯರಲ್ಲಿ ಇದರ ಆರಂಭಿಕ ಪರೀಕ್ಷೆಗಳೂ ಮೊದಲಾದವು. ಇದಿನ್ನೂ ಸಾಮಾನ್ಯ ಚಿಕಿತ್ಸೆಯಲ್ಲ. ತಟ್ಟೆಯಲ್ಲಿ ಬೆಳೆದ ಕೋಶಕ್ಕೆ ರಕ್ತಸಂಚಾರವಿಲ್ಲ, ನೆರೆಹೊರೆಯ ಅಂಗಗಳಿಲ್ಲ, ರಕ್ಷಣಾ ವ್ಯವಸ್ಥೆಯಿಲ್ಲ. ತಟ್ಟೆಯಲ್ಲಿ ಗೆದ್ದದ್ದು ದೇಹದಲ್ಲಿ ಗೆಲ್ಲಬೇಕೆಂಬ ನಿಯಮವಿಲ್ಲ. ಥೆರಾಟೋಪ್ ಲಸಿಕೆಯ ಕಥೆ ಅದಕ್ಕೆ ಸಾಕ್ಷಿ. “ಕ್ಯಾನ್ಸರಿಗೆ ಔಷಧಿ ಸಿಕ್ಕಿತು” ಎಂಬ ಸುದ್ದಿ ಓದಿದಾಗ, ಅದು ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ ಎಂದು ಮೊದಲು ಕೇಳಿಕೊಳ್ಳಿರಿ.

ಮನೆಯಲ್ಲಿ ತಿಳಿದಿರಬೇಕಾದದ್ದು

ಸಿಎ 15-3, ಸಿಎ 125, ಸಿಎ 19-9 ಎಂಬ ರಕ್ತಪರೀಕ್ಷೆಗಳ ಹೆಸರನ್ನು ಕ್ಯಾನ್ಸರ್ ಕಂಡ ಮನೆಗಳವರು ಕೇಳಿಯೇ ಇರುತ್ತಾರೆ. ಮೊದಲೆರಡು ಪರೀಕ್ಷೆಗಳು ಅಳೆಯುವುದು ಕೋಶದ ಮೇಲಿಂದ ಕಳಚಿ ರಕ್ತಕ್ಕೆ ಬಂದ, ಸಕ್ಕರೆಯಿಂದ ದಟ್ಟವಾದ ಪ್ರೋಟೀನುಗಳನ್ನು. ಮೂರನೆಯದು ಅಳೆಯುವುದು ಒಂದು ಶರ್ಕರ ಸರಪಳಿಯನ್ನೇ. ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಇವು ವೈದ್ಯರಿಗೆ ನೆರವಾಗುತ್ತವೆ. ಆದರೆ ರೋಗಲಕ್ಷಣವಿಲ್ಲದವರು ತಾವಾಗಿಯೇ ಇವನ್ನು ಮಾಡಿಸಿಕೊಂಡು ಗಾಬರಿಯಾಗುವುದಾಗಲಿ, ನಿಶ್ಚಿಂತರಾಗುವುದಾಗಲಿ ಸಲ್ಲದು. ಕಾಮಾಲೆಯಲ್ಲಿಯೂ ಮೇದೋಜೀರಕ ಗ್ರಂಥಿಯ ಉರಿಯೂತದಲ್ಲಿಯೂ ಸಿಎ 19-9 ಏರಬಹುದು. ಇನ್ನು ಕೆಲವರಲ್ಲಿ ಆ ಸರಪಳಿ ಕಟ್ಟುವ ವಂಶವಾಹಿ ಹುಟ್ಟಿನಿಂದಲೇ ಸುಮ್ಮನಿರುತ್ತದೆ; ಅಂಥವರಿಗೆ ಕ್ಯಾನ್ಸರ್ ಇದ್ದರೂ ಸಿಎ 19-9 ಏರುವುದಿಲ್ಲ.

ಈಗ ರೈತ ಬಂಧುವಿನ ಪ್ರಶ್ನೆಗೆ ಬರೋಣ. ಕೋಶದ ಮೇಲಿನ ಸರಪಳಿಯ ಆಕಾರವನ್ನು ನಿರ್ಧರಿಸುವುದು ವಂಶವಾಹಿಗಳು ಮತ್ತು ಕಿಣ್ವಗಳು. ನಾವು ಒಂದು ಚಮಚ ಸಕ್ಕರೆ ಹೆಚ್ಚು ತಿಂದರೆ ಟಿಎನ್ ಹೆಚ್ಚುವುದಿಲ್ಲ, ಅನ್ನ ಬಿಟ್ಟರೆ ಅದು ಕರಗುವುದೂ ಇಲ್ಲ. ಊಟದಲ್ಲಿ ಸಕ್ಕರೆ ಬಿಟ್ಟರೂ ದೇಹವು ತನಗೆ ಬೇಕಾದ ಗ್ಲೂಕೋಸನ್ನು ತನ್ನ ಸ್ನಾಯುಗಳನ್ನೇ ಕರಗಿಸಿಯಾದರೂ ತಯಾರಿಸಿಕೊಳ್ಳುತ್ತದೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಹೆಚ್ಚು ಬಳಸುವುದು ನಿಜ. ಆದರೆ ಉಪವಾಸ ಬಿದ್ದಾಗ ಮೊದಲು ಸೊರಗುವುದು ಗಡ್ಡೆಯಲ್ಲ, ರೋಗಿ. ತೂಕ ಇಳಿದ ರೋಗಿಗೆ ಕಿಮೋಥೆರಪಿಯ ಬಾಧೆ ಹೆಚ್ಚು. ಚಿಕಿತ್ಸೆಯನ್ನು ಮುಂದೂಡಬೇಕಾಗಿ ಬರಬಹುದು. ಸಿಹಿಯನ್ನು ಮಿತಿಯಲ್ಲಿಡುವುದು ಎಲ್ಲರಿಗೂ ಒಳ್ಳೆಯದೇ. ಮಧುಮೇಹವಿದ್ದವರು ತಮ್ಮ ಪಥ್ಯವನ್ನು ಪಾಲಿಸಲೇಬೇಕು. ಆದರೆ ಚಿಕಿತ್ಸೆಯಲ್ಲಿರುವವರ ತಟ್ಟೆಯಿಂದ ಅನ್ನ, ರೊಟ್ಟಿ, ಬೇಳೆ, ಹಾಲು, ಹಣ್ಣುಗಳನ್ನು ವೈದ್ಯರ ಮಾತಿಲ್ಲದೆ ಕಸಿಯಬೇಡಿರಿ.

ಸ್ತನದಲ್ಲಿ ಗಂಟು, ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ಅಕಾಲದಲ್ಲಿ ರಕ್ತಸ್ರಾವ, ಕಾರಣವಿಲ್ಲದೆ ತೂಕ ಇಳಿಯುವುದು, ಇವು ಕಂಡರೆ ಕೂಡಲೇ ವೈದ್ಯರನ್ನು ಕಾಣಿರಿ. ಸಂಕೋಚದಿಂದ ಕಳೆದ ತಿಂಗಳುಗಳನ್ನು ಯಾವ ವಿಜ್ಞಾನವೂ ಮರಳಿ ಕೊಡಲಾರದು. ತಂಬಾಕು, ಗುಟಕಾ ಬಿಡುವುದರಿಂದ ಆಗುವ ಉಪಕಾರ ಸಕ್ಕರೆ ಬಿಡುವುದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಆ ದಿನ ನಾವು ಕಾಗದದ ಮೇಲೆ ಒಂದು ಕೋಶದ ಚಿತ್ರ ಬರೆದು, ಅದರ ಮೈಮೇಲೆ ಸರಪಳಿಗಳನ್ನು ಬರೆದು ಇಷ್ಟನ್ನೂ ಹೇಳಿದೆವು. ಯಜಮಾನರು ಬಹಳ ಹೊತ್ತು ಆ ಚಿತ್ರವನ್ನೇ ನೋಡುತ್ತಿದ್ದರು. “ಹಂಗಾದ್ರ ನಾ ಆಕಿನ್ನ ಸುಮ್ಮನ ಉಪವಾಸ ಕೆಡವಿದ್ನಲ್ರೀ” ಎಂದರು. ಪಕ್ಕದಲ್ಲಿ ಕುಳಿತಿದ್ದ ಆ ತಾಯಿಯೇ ಅವರಿಗೆ ಸಮಾಧಾನ ಹೇಳಿದರು: “ಇರ್ಲಿ ಬಿಡ್ರಿ, ನಿಮಗೇನ್ ಗೊತ್ತಿತ್ತು.” ಮುಂದಿನ ಸಲ ಬಂದಾಗ ಆಕೆಯ ತೂಕ ಎರಡು ಕಿಲೋ ಏರಿತ್ತು, ಮುಂದಿನ ಕಿಮೋ ಗೊತ್ತಾದ ದಿನಕ್ಕೆ ನಡೆಯಿತು.